ಫೆಲ್ಸುವಿನ ಮಾರ್ಚ್ ಆರು

ಮಾರ್ಚ್ ಏಳು. ಸಂತ ಪೆರ್ಪೆತುವಾ, ಸಂತ ಫೆಲಿಸಿತಾ ಇವರಿಬ್ಬರ ಸ್ಮರಣೆಯ ದಿನ. ನಾನು ನೋಡಿದ ಆಧಾರ, ನಮ್ಮ ಧರ್ಮಪ್ರಾಂತ್ಯ ಪ್ರತಿವರ್ಷ ಅಚ್ಚು ಹಾಕಿಸುವ ಗೋಡೆಯ ಪಂಚಾಂಗ. ಅದರ ಮಗ್ಗುಲಲ್ಲೇ ಅಜ್ಜಿ ಬಿಟ್ಟುಹೋದ ಲ್ಯಾಟಿನ್ ಪೂಜಾಪುಸ್ತಕವನ್ನೂ ತೆರೆದಿಟ್ಟುಕೊಂಡಿದ್ದೇನೆ; ಅದರಲ್ಲಿ ಇದೇ ಸ್ಮರಣೆ ಮಾರ್ಚ್ ಆರರಂದು ಬರುತ್ತದೆ. ಎರಡೂ ತಪ್ಪಲ್ಲ. ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ ಆ ಇಬ್ಬರು ಹೆಂಗಸರು ಕ್ರಿ.ಶ. ೨೦೩ರ ಮಾರ್ಚ್ ಏಳರಂದು ಸತ್ತರೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. ಶತಮಾನಗಳ ಮೇಲೆ ಅದೇ ದಿನ ತೀರಿಕೊಂಡ ದೊಡ್ಡ ದೇವಶಾಸ್ತ್ರಜ್ಞನೊಬ್ಬನಿಗೆ ಏಳನೆಯ ತಾರೀಕು ಸಂದಿತು. ಹೆಂಗಸರಿಬ್ಬರು ಕಾಲಕ್ರಮದಲ್ಲಿ ಒಂದು ದಿನ ಹಿಂದಕ್ಕೆ ಸರಿದರು. ೧೯೬೯ರ ಪರಿಷ್ಕರಣೆಯಲ್ಲಿ ಆತನನ್ನು ಜನವರಿಗೆ ಕಳಿಸಿ ಇವರ ದಿನವನ್ನು ಇವರಿಗೆ ಮರಳಿಸಲಾಯಿತು. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿದ ನನಗೆ, ಬೇರೆ ಯಾರ ವಿಷಯವಾಗಿದ್ದರೂ, ಇಷ್ಟು ಬರೆದು ಮುಗಿಸುವುದು ಸಾಕಾಗುತ್ತಿತ್ತು. ಆದರೆ ಹೊನ್ನಾವರದ ನಮ್ಮ ಮನೆಯಲ್ಲಿ, ಈ ಒಂದು ದಿನದ ಅಂತರದೊಳಗೆ, ಇಬ್ಬರು ಹೆಂಗಸರು ಮೂವತ್ತು ವರ್ಷ ಬದುಕಿದರು. ಒಬ್ಬಳು ನನ್ನ ಅಕ್ಕ ಪೆರ್ಪೆತ್. ಇನ್ನೊಬ್ಬಳು ನಮ್ಮ ಮನೆಗೆಲಸದ ಫೆಲ್ಸು.

ಅಪ್ಪ ಅಮ್ಮ ಮುಂಬಯಿಯಲ್ಲಿದ್ದರು. ನಮ್ಮನ್ನು ಬೆಳೆಸಿದ್ದು ಅಜ್ಜಿ. ಶರಾವತಿಯ ಉಪ್ಪುಗಾಳಿಗೆ ಮುಖಮಾಡಿದ ಹೆಂಚಿನ ಮನೆ. ಮುಂದೆ ಜಗಲಿ, ಅದರ ಹಿಂದೆ ಸಾಲೆ ಎನ್ನುವ ದೊಡ್ಡ ನಡುಮನೆ, ಸಾಲೆಯ ಒಂದು ಮೂಲೆಯಲ್ಲಿ ಶಿಲುಬೆಯನ್ನೂ ಸಂತರ ಪಟಗಳನ್ನೂ ಇಟ್ಟ ಪ್ರಾರ್ಥನೆಯ ಮಾಡ. ಸಾಲೆಯ ನಡುವೆ ಬೀಟೆಮರದ ಊಟದ ಮೇಜು. ಮೂರು ಮೆಟ್ಟಿಲು ಇಳಿದರೆ ಅಡುಗೆಮನೆ, ಅದಕ್ಕೆ ತಾಗಿದ ಮಾಡಿನಲ್ಲಿ ಅಕ್ಕಿ ಕುಟ್ಟುವ ಒರಳು. ಆ ಮಾಡಿನಲ್ಲಿ ಅಕ್ಕಿ ಕುಟ್ಟಲು ಬರುತ್ತಿದ್ದ ಕಾಸರಕೋಡಿನ ಹೆಂಗಸಿನ ಮಗಳು ಫೆಲ್ಸು. ಅವಳೂ ಅಕ್ಕನೂ ಒಂದೇ ವಾರದಲ್ಲಿ ಹುಟ್ಟಿದವರು. ಹುಟ್ಟಿದ ದಿನಕ್ಕೆ ಹತ್ತಿರ ಬರುವ ಸಂತರ ಹೆಸರಿಡುವುದು ನಮ್ಮವರ ರೂಢಿ. ಪುಸ್ತಕದಲ್ಲಿ ಒಂದೇ ದಿನಕ್ಕೆ ಎರಡು ಹೆಸರು ಕಂಡ ಅಜ್ಜಿ, ಇಗರ್ಜಿಯಲ್ಲಿ ಒಂದೇ ಬೆಳಗ್ಗೆ ಇಬ್ಬರಿಗೂ ಜ್ಞಾನಸ್ನಾನ ಮಾಡಿಸಿದಳು. ಆ ಸಂತರಿಬ್ಬರಲ್ಲಿ ಪೆರ್ಪೆತುವಾ ಯಜಮಾನರ ಮನೆಯವಳು, ಫೆಲಿಸಿತಾ ಊಳಿಗದವಳು. ಹೆಸರುಗಳನ್ನು ಹಂಚುವಾಗ ಅಜ್ಜಿಗೆ ಯಾವ ಸಂದೇಹವೂ ಬಂದಂತಿಲ್ಲ.

ಹಬ್ಬದ ಹಿಂದಿನ ಸಂಜೆ, ತೇರ್ಸದ ಜಪಮಾಲೆ ಮುಗಿದ ಮೇಲೆ, ಅಜ್ಜಿ ಆ ಇಬ್ಬರ ಕಥೆ ಹೇಳುತ್ತಿದ್ದಳು. ಪೆರ್ಪೆತುವಾ ಇಪ್ಪತ್ತೆರಡರ ಹೆಣ್ಣು, ಎದೆಹಾಲು ಕುಡಿಯುವ ಕೂಸಿನ ತಾಯಿ. ಯೇಸುವನ್ನು ಬಿಡು ಎಂದು ಮುದಿ ತಂದೆ ಸೆರೆಮನೆಗೆ ಬಂದು ಕಾಲು ಹಿಡಿಯುತ್ತಾನೆ. ಅವಳು ಮೂಲೆಯ ಹೂಜಿಯನ್ನು ತೋರಿಸಿ, ಇದನ್ನು ಹೂಜಿಯಲ್ಲದೆ ಬೇರೆ ಹೆಸರಿನಿಂದ ಕರೆಯಲಾದೀತೇ, ನಾನೂ ಹಾಗೆಯೇ ಎನ್ನುತ್ತಾಳೆ. ಫೆಲಿಸಿತಾ ಎಂಟು ತಿಂಗಳ ಬಸುರಿ. ಬಸುರಿಯನ್ನು ಕೊಲ್ಲಬಾರದೆಂಬುದು ಅಲ್ಲಿಯ ಕಾನೂನು. ತನ್ನವರೆಲ್ಲ ಹೋದಮೇಲೆ ಒಬ್ಬಳೇ ಉಳಿದು ಕಳ್ಳಕಾಕರ ನಡುವೆ ಸಾಯಬೇಕಾದೀತೆಂದು ಅವಳು ಅಳುತ್ತಾಳೆ. ಎಲ್ಲರೂ ಪ್ರಾರ್ಥಿಸುತ್ತಾರೆ, ದಿನ ತುಂಬುವ ಮೊದಲೇ ಹೆರಿಗೆಯಾಗುತ್ತದೆ. ಕೊನೆಗೆ ಕಾಡೆಮ್ಮೆಯೊಂದನ್ನು ಇಬ್ಬರ ಮೇಲೂ ಬಿಡುತ್ತಾರೆ. ಕೊಂಬಿಗೆ ಸಿಕ್ಕಿ ಬಿದ್ದ ಪೆರ್ಪೆತುವಾ ಎದ್ದು, ಕೆದರಿದ ಕೂದಲನ್ನು ಕಟ್ಟಿಕೊಂಡು, ಆಚೆ ಬಿದ್ದಿದ್ದ ಫೆಲಿಸಿತೆಗೆ ಕೈಕೊಟ್ಟು ಎಬ್ಬಿಸುತ್ತಾಳೆ. ಇಬ್ಬರೂ ಜೊತೆಯಾಗಿ ನಿಲ್ಲುತ್ತಾರೆ. ಮೂಲ ವೃತ್ತಾಂತದೊಂದಿಗೆ ಹೋಲಿಸಿ ನೋಡಿದಾಗ ಅಜ್ಜಿಯ ಕಥೆ ಬಹುಪಾಲು ನಿಖರವಾಗಿತ್ತು. ವ್ಯತ್ಯಾಸ ಒಂದೇ: ಅವಳ ಕಥೆಯಲ್ಲಿ ಹಸುವಿನ ಬದಲು ಎಮ್ಮೆ ಇತ್ತು. ಮಿಶನ್ ಶಾಲೆಯ ಪುಸ್ತಕದಲ್ಲಿ ಹಸು ಎಂದು ಓದಿದ ನಾನು ಒಮ್ಮೆ ತಿದ್ದಲು ಹೋಗಿದ್ದೆ.

“ಹಸು ಹೌದು, ನಂಗೂ ಗೊತ್ತುಂಟು. ಜಗಲಿ ಮೇಲೆ ಆಚೆಮನೆ ಅಮ್ಮ ಕೂತ್ಕಂಡು ಕೇಳ್ತಾ ಇದ್ದಾರೆ. ಹಸು ಕೊಂದ್ತು ಹೇಳಿದ್ರೆ ನಾಳೆಯಿಂದ ಅವರು ಕಥೆಗೆ ಬರ್ತಾರಾ? ಎಮ್ಮೆ ಆದ್ರೆ ಯಾರಿಗೂ ಬೇಜಾರಿಲ್ಲ.”

“ಫೆಲಿಸಿತಾಳ ಶಿಶು ಎಂತ ಆತು ಮಾಯ್?” ಎಂದು ಕೇಳಿದ್ದು ಫೆಲ್ಸು; ಅಜ್ಜಿ ಅವಳಿಗೆ ಮಾಯ್, ದೊಡ್ಡಮಾಯ್. ಅವಳು ಅಡುಗೆಮನೆಯ ಮೆಟ್ಟಿಲಿನ ಮೇಲೆ ಕೂತಿರುತ್ತಿದ್ದಳು.

“ಯಾರೋ ಪುಣ್ಯಾತ್ಗಿತ್ತಿ ತಕಂಡ್ಹೋಗಿ ಸಾಕ್ದಳು.”

“ಮಗ್ಳು ಹೇಳಿಯೋ, ಕೆಲ್ಸಕ್ಕೋ?”

ಅಜ್ಜಿ ಜಪಮಾಲೆಯನ್ನು ಮಡಚಿ ಮಾಡದಲ್ಲಿಟ್ಟಳು. ಮೂಲದ ಉತ್ತರವೂ ಚಿಕ್ಕದು. ಒಬ್ಬ ಕ್ರೈಸ್ತ ಸಹೋದರಿ ಆ ಹೆಣ್ಣುಕೂಸನ್ನು ಮಗಳಂತೆ ಬೆಳೆಸಿದಳೆಂದಷ್ಟೇ ಇದೆ, ಕೂಸಿನ ಹೆಸರಿಲ್ಲ.

ಹಬ್ಬದ ದಿನ ಆ ಸಂತರ ಹೆಸರಿನವರು ಒಲೆಯ ಹತ್ತಿರ ಹೋಗಕೂಡದು, ಮೇಜಿನ ತುದಿಯ ಕುರ್ಚಿಯಲ್ಲಿ ಕೂರಬೇಕು, ಮೊದಲ ತುತ್ತು ಅವರದು ಎಂಬುದು ನಮ್ಮ ಮನೆಯ ಕಟ್ಟಳೆ. ಮಾರ್ಚ್ ಆರರಂದು ಆ ಕುರ್ಚಿಯಲ್ಲಿ ಅಕ್ಕ ಕೂರುತ್ತಿದ್ದಳು. ಅದೇ ಹಬ್ಬದ ಇನ್ನೊಬ್ಬಳು ಅವಳಿಗೆ ಬಡಿಸುತ್ತಿದ್ದಳು. ಎಲ್ಲರದೂ ಆದಮೇಲೆ ಅಜ್ಜಿ ಫೆಲ್ಸುವಿಗೆ ಅಡುಗೆಮನೆಯಲ್ಲಿ ಅದೇ ಊಟವನ್ನು, ಒಂದು ಹಿಡಿ ಹೆಚ್ಚೇ, ತಟ್ಟೆಗೆ ಹಾಕಿಕೊಡುತ್ತಿದ್ದಳು. ಇದು ಅನ್ಯಾಯವೆಂದು ನನಗೆ ಆಗ ಹೊಳೆದದ್ದಿಲ್ಲ. ಮೇಜಿನ ಕುರ್ಚಿ ಒಂದೇ ತುದಿಯಲ್ಲಿತ್ತು. ಮನೆಯೇ ಹಾಗೆ ಕಟ್ಟಿಸಿದ್ದು ಎಂಬಂತೆ ನಾವು ಬೆಳೆದೆವು.

ಅಜ್ಜಿ ಹೋದಳು. ಅಕ್ಕ ಕುಮಟೆಯ ಶಾಲೆಯೊಂದರಲ್ಲಿ ಟೀಚರಾದಳು; ಬೆಳಗಿನ ಬಸ್ಸಿನಲ್ಲಿ ಹಳದೀಪುರದ ಮೇಲಿಂದ ಹೋಗಿ ಸಂಜೆ ಬರುವಳು. ಮದುವೆಯಾಗಲಿಲ್ಲ. ಫೆಲ್ಸು ಮದುವೆಯಾಗಿ ಕಾಸರಕೋಡಿಗೆ ಹೋದವಳು ದೋಣಿಯ ಗಂಡನನ್ನು ಕಡಲಿಗೆ ಕೊಟ್ಟು, ಮಕ್ಕಳಿಲ್ಲದೆ ಅದೇ ಅಡುಗೆಮನೆಗೆ ಮರಳಿದಳು. ನಾನು ಪುಣೆಯಲ್ಲಿದ್ದೆ. ಒಂದು ಬೇಸಿಗೆಯಲ್ಲಿ ಬಂದಾಗ ಮನೆಯಲ್ಲಿ ಹೊಸ ಜಗಳವೊಂದು ಬೇರೂರಿತ್ತು. ರೋಮಿನ ಪರಿಷ್ಕೃತ ಪಂಚಾಂಗ ನಮ್ಮ ಇಗರ್ಜಿಗೂ ಬಂದಿತ್ತು; ಹಬ್ಬ ಏಳಕ್ಕೆ ಹೋಯಿತೆಂದು ಅಕ್ಕ ಸಾರಿದ್ದಳು; ಫೆಲ್ಸು ಒಪ್ಪಿರಲಿಲ್ಲ. ಅಕ್ಕನನ್ನು ಅವಳು ಕರೆಯುತ್ತಿದ್ದುದು ಬಾಯಿ, ಅಂದರೆ ಅಮ್ಮಾವರು, ಎಂದು.

“ಸಂತಮ್ಮಗಳು ಸತ್ತದ್ದು ಒಂದೇ ಸಲ ಅಲ್ದಾ ಬಾಯಿ? ಪೋಪರು ಹೇಳಿದ್ರು ಹೇಳಿ ಮತ್ತೊಂದು ದಿನ ಎದ್ದುಬಂದು ಸಾಯ್ತಾರಾ?”

“ಏಳೇ ಖರೆ ದಿನ. ಆರು ಮೊದ್ಲಿಂದ್ಲೂ ತಪ್ಪಿತ್ತು.”

“ಹಂಗಾರೆ ದೊಡ್ಡಮಾಯ್ ಅಷ್ಟು ವರ್ಷ ತಪ್ಪು ದಿವಸ ಮಾಡಿದ್ರಾ? ನೀವು ಕಲ್ತವ್ರು, ಏಳು ಮಾಡಿ. ನಂದು ಆರೇ.”

ಹೀಗೆ ಒಂದು ಹಬ್ಬ ಎರಡಾಯಿತು. ಏಳರಂದು ಎಂದಿನಂತೆ ಫೆಲ್ಸು ಅಡುಗೆ ಮಾಡಿ ಅಕ್ಕನಿಗೆ ಬಡಿಸುವಳು. ಆದರೆ ಆರರಂದು, ಹೆಸರಿನವಳು ಒಲೆಯ ಬಳಿ ಹೋಗಕೂಡದೆಂಬ ಕಟ್ಟಳೆ ಇದ್ದೇ ಇತ್ತಲ್ಲ. ಆ ದಿನದ ಹೆಸರಿನವಳು ಫೆಲ್ಸು ಒಬ್ಬಳೇ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ಅಕ್ಕ ಒಲೆ ಹೊತ್ತಿಸಿದಳು. ಅಜ್ಜಿಯ ಕಾಲದಲ್ಲಿ ಒಂದೇ ದಿನವಿದ್ದಾಗ ಯಾರಿಗೂ ಸಾಧ್ಯವಾಗದ್ದು, ಪಂಚಾಂಗ ಒಂದು ದಿನ ಸರಿದದ್ದರಿಂದ ಸಾಧ್ಯವಾಯಿತು. ಇದನ್ನು ಅವರಿಬ್ಬರೂ ಯೋಚಿಸಿ ಮಾಡಿದರೆಂದು ನಾನು ಹೇಳಲಾರೆ. ಅವರು ಜಗಳವಾಡುತ್ತಿದ್ದರು, ಅಷ್ಟೇ.

ನಿವೃತ್ತಳಾಗಿ ೧೯೯೮ರಲ್ಲಿ ನಾನು ಮನೆಗೆ ಮರಳಿದಾಗ ಇಬ್ಬರೂ ಮುದುಕಿಯರು. ಮುಂದಿನ ವರ್ಷದ ಮಾರ್ಚ್ ಆರು ಶನಿವಾರ; ಆ ಊಟವನ್ನು ನಾನು ಮೊದಲ ಸಲ ಕಂಡದ್ದು ಅಂದು. ಫೆಲ್ಸು ಭಟ್ಕಳದ ಅಂಗಡಿಯಿಂದ ತರಿಸಿದ ಹಸಿರು ಅಂಚಿನ ಸೀರೆ ಉಟ್ಟು ಮೇಜಿನ ತುದಿಯ ಕುರ್ಚಿಯಲ್ಲಿ ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ಮೇಜಿನ ಮೇಲೆ. ವರ್ಷವಿಡೀ “ಬಾಯಿ”, “ನೀವು” ಎನ್ನುತ್ತಿದ್ದವಳು ಅಂದು ಒಂದೇ ದಿನ ಅಕ್ಕನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದಳು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವಾದ್ದರಿಂದ ಮಾಂಸವಿರಲಿಲ್ಲ, ಇಸವಣ ಮೀನಿನ ಸಾರು, ಹುರಿದ ತುಂಡು, ಅನ್ನ, ಕೊನೆಗೆ ಕಡಲೆಬೇಳೆ ಪಾಯಸ. ನಾನು ಸಹಾಯಕ್ಕೆ ಎದ್ದರೆ ಇಬ್ಬರೂ ಗದರಿದರು.

“ಪೆರ್ಪೆತಾ, ಎಂತ ಒಲೆ ಬುಡಕ್ಕೆ ನಿದ್ದೆ ಮಾಡ್ತಿದ್ಯಾ? ಅನ್ನ ಆರಿ ಹೋತು.”

“ಬಂದೆ ಮಾರಾಯ್ತಿ. ಮಂಡಿನೋವು.”

“ಏಳನೇ ತಾರೀಕು ನಂಗೆ ಮಂಡಿ ಇರೂದಿಲ್ವಾ?” ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಉಪ್ಪು ಕಮ್ಮಿ.”

“ನೀ ನಾಳೆ ಮಾಡೂದು ಉಪ್ಪಿನಕಾಯಿ ಸಾರು, ಗೊತ್ತುಂಟು.”

“ಸುಮ್ಮಂಗೆ ಬಡ್ಸು. ಪೂಜೇಲಿ ಪಾದ್ರಿಗಳು ಯಾರ ಹೆಸ್ರು ಮೊದ್ಲು ಹೇಳ್ತಾರೆ? ಫೆಲಿಸಿತಾ, ಆಮೇಲೆ ಪೆರ್ಪೆತುವಾ. ಕೇಳು ನಿನ್ನ ತಂಗೀನ.”

ಅಕ್ಕ ನನ್ನತ್ತ ನೋಡಿದಳು. ಬಲಿಪೂಜೆಯ ಆ ಪುರಾತನ ಪ್ರಾರ್ಥನೆಯಲ್ಲಿ ಹೆಸರುಗಳ ಅನುಕ್ರಮ ಹಾಗೆಯೇ ಇದೆ. ಅಲ್ಲಿ ಉಕ್ತವಾದ ಫೆಲಿಸಿತಾ ರೋಮಿನ ಬೇರೊಬ್ಬ ಸಂತ ಸ್ತ್ರೀಯಿರಬಹುದೆಂಬ ವಾದವೂ ಇದೆ. ಅದನ್ನು ಹೇಳಲು ಮೇಜಿನ ಮೇಲೆ ಜಾಗವಿರಲಿಲ್ಲ. ಹೌದು, ಫೆಲಿಸಿತಾ ಮೊದಲು, ಎಂದೆ. ಅಕ್ಕ ಸೋತವಳಂತೆ ಮುಖ ಮಾಡಿ ಇನ್ನೊಂದು ತುಂಡು ಬಡಿಸಿದಳು. ಅವಳಿಗೆ ಸೋಲುವುದರಲ್ಲಿ ಎಷ್ಟು ಸುಖವಿತ್ತೆಂದು ಅಂದು ನನಗೆ ಕಂಡಿತು. ತಾರೀಕು ಎಂದರೆ ನಡೆದದ್ದರ ಗುರುತು ಎಂದು ನಂಬಿ ಬದುಕಿದವಳು ನಾನು. ತಾರೀಕೊಂದು ತಪ್ಪಾಗಿ ಉಳಿದುಕೊಂಡು ಮನುಷ್ಯರಿಗೆ ಕೂರಲು ಕುರ್ಚಿ ಕೊಡಬಲ್ಲುದೆಂದು ಅರವತ್ತರ ಹತ್ತಿರದಲ್ಲಿ, ಹುಟ್ಟಿದ ಮನೆಯಲ್ಲಿ, ಕಲಿತೆ.

೨೦೦೦ದ ಕ್ರಿಸ್ಮಸ್ ಕಳೆದ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ನಾಲಿಗೆ. ಕುಮಟೆಯ ಆಸ್ಪತ್ರೆಯಿಂದ ಮನೆಗೆ ಬಂದಳು, ಗೋಡೆ ಹಿಡಿದು ನಡೆಯುವಷ್ಟಾದಳು. ಮೀಯಿಸುವುದು, ತಲೆ ಬಾಚುವುದು, ಗಂಜಿ ಕುಡಿಸುವುದು ಎಲ್ಲವೂ ಫೆಲ್ಸುವಿನದೇ; ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಮಾರ್ಚ್ ಹತ್ತಿರವಾದಂತೆ ಅಕ್ಕ ಪಂಚಾಂಗದ ಕಡೆ ನೋಡಿ ಏನೋ ಹೇಳತೊಡಗಿದಳು. ಫೆಲ್ಸು ಕೇಳಿಸದವಳಂತೆ ಇದ್ದಳು. ಕೊನೆಗೆ ನನ್ನೆದುರು ಹೇಳಿದಳು:

“ಈ ವರ್ಷ ಆರನೇ ತಾರೀಕು ಬ್ಯಾಡ ಸಣ್ಣಬಾಯಿ. ಅವರಿಗೆ ಹೇಳಿ. ನಾನೂ ಏಳಕ್ಕೇ ಬತ್ತೆ ಹೇಳಿ. ನಂಗೆ ತಪ್ಪು ಗೊತ್ತಾತು ಹೇಳಿ.”

ಮೂವತ್ತು ವರ್ಷ ಪೋಪರಿಗೂ ಬಗ್ಗದವಳು ಹಾಗೆ ಹೇಳಿದ್ದನ್ನು ನಾನು ಅಕ್ಕನಿಗೆ ತಲುಪಿಸಿದೆ. ಅಕ್ಕನ ಮುಖದ ಸರಿಯಿದ್ದ ಅರ್ಧ ಕೆಂಪಾಯಿತು.

“ಸು... ಸುಳ್ಳಿ,” ಎಂದಳು. ಮತ್ತೆ, ತಡವರಿಸಿ, “ಆರು. ಆರು.”

ಆರರ ಬೆಳಗ್ಗೆ ಅಕ್ಕ ಮೂರು ಮೆಟ್ಟಿಲನ್ನು ಕೂತುಕೊಂಡೇ ಇಳಿದು ಅಡುಗೆಮನೆ ಸೇರಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಬೇಕಾದ್ದನ್ನು ಆಚೆಮನೆಯ ಸೊಸೆಯ ಕೈಲಿ ಹಿತ್ತಿಲ ಬಾಗಿಲಿಂದ ತರಿಸಿಕೊಂಡಿದ್ದಳು; ಒಲೆ ಹೊತ್ತಿಸಿಕೊಟ್ಟದ್ದೂ ಅವಳೇ. ಪಾತ್ರೆ ಬೀಳುವ ಸದ್ದು, ಎಳೆದಾಡುವ ಸದ್ದು, ನಡುನಡುವೆ ಏನೂ ಇಲ್ಲ. ಫೆಲ್ಸು ಹಸಿರಂಚಿನ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳ ಬೆನ್ನು ಅಂದು ನೆಟ್ಟಗಿರಲಿಲ್ಲ.

ಬಾಗಿಲು ತೆರೆಯಿತು. ಅಕ್ಕ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಲಭುಜವನ್ನು ಗೋಡೆಗೆ ಒತ್ತಿ, ಮೆಟ್ಟಿಲು ಹತ್ತತೊಡಗಿದಳು. ತಟ್ಟೆಯಲ್ಲಿ ಅನ್ನ, ಮೇಲೆ ಹಂದಿಮಾಂಸದ ಸಾರು, ನಮ್ಮವರು ದುಕ್ರಾಮಾಸ ಎನ್ನುವ, ವಿನೆಗರ್ ಹಾಕಿದ, ಹಬ್ಬಕ್ಕಲ್ಲದೆ ಮಾಡದ ಸಾರು. ಎರಡನೆಯ ಮೆಟ್ಟಿಲಿನಲ್ಲಿ ತಟ್ಟೆ ವಾಲಿತು. ಸಾರು ಮೊಣಕೈಯಿಂದ ನೆಲಕ್ಕೆ ಇಳಿಯಿತು. ಫೆಲ್ಸು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಕೂತ್ಕ!”

ಲಕ್ವ ಬಂದಮೇಲೆ ಅಕ್ಕ ತಡವರಿಸದೆ ಆಡಿದ ಮಾತು ಅದೊಂದೇ. ಫೆಲ್ಸು ಕೂತಳು. ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಳು, ಏಳದಂತೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡವಳ ಹಾಗೆ. ಮೆಟ್ಟಿಲಿನಿಂದ ಮೇಜಿನವರೆಗೆ ಅಕ್ಕ ಬಂದ ದಾರಿ ಉದ್ದವಾಗಿತ್ತು. ತಟ್ಟೆ ಮೇಜಿಗೆ ತಾಗಿದಾಗ ಅರ್ಧ ಅನ್ನ ಉಳಿದಿತ್ತು. ಬಡಿಸುವವರು ಉಣ್ಣುವವರ ಪಕ್ಕದಲ್ಲಿ ನಿಲ್ಲಬೇಕು, ಅಕ್ಕ ನಿಂತಳು. ಫೆಲ್ಸು ಅಳುತ್ತ ಉಂಡಳು. ಉಪ್ಪಿನ ಮಾತು ಬರಲಿಲ್ಲ. ಅಕ್ಕ ಅದಕ್ಕಾಗಿ ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು, ಫೆಲ್ಸುವಿಗೂ ತಿಳಿದಿರಬೇಕು.

“ಉ... ಪ್ಪು?” ಎಂದು ಅಕ್ಕನೇ ಕೇಳಿದಳು.

ಫೆಲ್ಸು ಮೂಗು ಒರೆಸಿಕೊಂಡಳು. “ಕಮ್ಮಿ,” ಎಂದಳು. “ಯಾವತ್ತೂ ಕಮ್ಮಿ. ಪೆರ್ಪೆತಾ, ನಿಂಗೆ ಅಡುಗೆ ಬರೂದೇ ಇಲ್ಲ.”

ಅಕ್ಕ ನಕ್ಕಳು. ಅರ್ಧ ಮುಖದ ನಗು. ನಾನು ಬಟ್ಟೆ ತಂದು ಮೆಟ್ಟಿಲು ಒರೆಸಿದೆ. ಅದೊಂದು ಕೆಲಸಕ್ಕೆ ಯಾರೂ ನನ್ನನ್ನು ತಡೆಯಲಿಲ್ಲ.

ಜೂನಿನ ಮೊದಲ ಮಳೆಯಲ್ಲಿ ಅಕ್ಕ ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಫೆಲ್ಸು ಅವಳ ಹಾಸಿಗೆಯ ಬಟ್ಟೆಗಳನ್ನು ಮಳೆಯಲ್ಲೇ ಒಗೆದು, ಒಣಗಿಸಲು ಜಾಗವಿಲ್ಲದೆ ಊಟದ ಮೇಜಿನ ಮೇಲೆ ಹರಡಿದಳು. ಬಹಳ ದಿನ ಆ ಮೇಜಿನಲ್ಲಿ ಯಾರೂ ಉಣ್ಣಲಿಲ್ಲ.

ಮರುವರ್ಷದ ಮಾರ್ಚ್ ಆರಕ್ಕೆ ನಾನು ಅಡುಗೆ ಮಾಡಿದೆ. ಕಾಸರಕೋಡಿನಿಂದ ಇಸವಣ ತರಿಸಿ, ಅಕ್ಕ ಮಾಡುತ್ತಿದ್ದಂತೆಯೇ, ಉಪ್ಪನ್ನು ಬೇಕೆಂದೇ ಕಡಿಮೆ ಹಾಕಿ. ಕುರ್ಚಿ ಎಳೆದಿಟ್ಟು ಕರೆದೆ. ಫೆಲ್ಸು ಅಡುಗೆಮನೆಯ ಮೆಟ್ಟಿಲಿನಿಂದ ಏಳಲಿಲ್ಲ. ಅವಳು ಮಾಮೂಲಿ ಸೀರೆಯಲ್ಲೇ ಇದ್ದಳು.

“ಬಾ ಫೆಲ್ಸು. ನಿನ್ನ ಹಬ್ಬ ಅಲ್ವಾ ಇವತ್ತು.”

“ಇಲ್ಲ ಸಣ್ಣಬಾಯಿ. ಬೇಜಾರು ಮಾಡ್ಕಬೇಡಿ. ನೀವು ಬಡಿಸಿದ್ರೆ ಅದು ಊಟ ಆಗ್ತದೆ. ಹಬ್ಬ ಆಗೂದಿಲ್ಲ.”

“ಯಾಕೆ?”

“ನೀವು ನಂಗೆ ಪಾಪ ಹೇಳಿ ಬಡ್ಸ್ತೀರಿ. ಅವ್ಳು ಸಿಟ್ಟಿನಲ್ಲಿ ಬಡ್ಸ್ತಿದ್ಲು.”

ಅಕ್ಕನನ್ನು ಅವಳು ಏಕವಚನದಲ್ಲಿ ಕರೆದಳು, ನನ್ನನ್ನಲ್ಲ. ತಟ್ಟೆಯನ್ನು ಅಡುಗೆಮನೆಗೆ ಕೊಂಡೊಯ್ದು ನೆಲದ ಮೇಲೆ ಕೂತು ಉಂಡಳು, ಚೆನ್ನಾಗಿದೆ ಎಂದಳು, ಪಾತ್ರೆ ತೊಳೆದಳು. ಮಾರನೆಯ ದಿನ, ಏಳರಂದು, ಬೆಳಗ್ಗೆ ಬೇಗ ಎದ್ದು ಅಡುಗೆ ಮಾಡಿ, ಮೇಜಿನ ತುದಿಯಲ್ಲಿ ಒಂದು ತಟ್ಟೆ ಬಡಿಸಿಟ್ಟು, ಅದು ಆರುವವರೆಗೆ ಪಕ್ಕದಲ್ಲಿ ನಿಂತಳು. ಆಮೇಲಿನ ವರ್ಷಗಳಲ್ಲೂ ಏಳನ್ನಷ್ಟೇ ಮಾಡಿದಳು. ಮೂವತ್ತು ವರ್ಷ ಹಿಡಿದುಕೊಂಡಿದ್ದ ತನ್ನ ದಿನವನ್ನು ಅವಳು ಯಾರ ತರ್ಕಕ್ಕೂ ಬಿಟ್ಟುಕೊಟ್ಟವಳಲ್ಲ. ಜಗಳವಾಡಲು ಎದುರಿನವಳು ಇಲ್ಲವಾದ್ದರಿಂದ ಬಿಟ್ಟಳು. ಐದು ವರ್ಷದ ಮೇಲೆ ಅವಳೂ ಹೋದಳು. ಆ ಮನೆಯಲ್ಲಿ ನನಗೆ ಮತ್ತೆ ಬಹಳ ಕಾಲ ಇರಲಾಗಲಿಲ್ಲ.

ಈ ಅಧ್ಯಾಯವನ್ನು ಬರೆದು ಮುಗಿಸಿ, ಅಭ್ಯಾಸದಂತೆ, ತಾರೀಕುಗಳನ್ನು ತಾಳೆ ನೋಡಿದೆ. ೨೦೦೧ರಲ್ಲಿ ಈಸ್ಟರ್ ಏಪ್ರಿಲ್ ಹದಿನೈದಕ್ಕೆ; ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ ಇಪ್ಪತ್ತೆಂಟಕ್ಕೆ. ಅಂದರೆ ಆ ವರ್ಷದ ಮಾರ್ಚ್ ಆರು ತಪಸ್ಸುಕಾಲದ ಒಳಗೆ ಬರುತ್ತದೆ. ತಪಸ್ಸುಕಾಲದಲ್ಲಿ ನಮ್ಮ ಮನೆಯ ಹೊಸ್ತಿಲನ್ನು ಮಾಂಸ ದಾಟಿದ್ದಿಲ್ಲ. ಅಜ್ಜಿ ಹಾಕಿದ ಆ ಗೆರೆಯನ್ನು ಅಕ್ಕ ಕಾಯಿಲೆಯಲ್ಲೂ ಮೀರಿದವಳಲ್ಲ. ಹಿಂದಿನ ವರ್ಷವಾದರೆ, ೨೦೦೦ದ ಮಾರ್ಚ್ ಆರು ಸೋಮವಾರ, ಬೂದಿ ಬುಧವಾರ ಎಂಟಕ್ಕೆ. ಆ ವರ್ಷ ಹಂದಿಮಾಂಸ ಮಾಡಿರಬಹುದು. ಆದರೆ ಆಗ ಅಕ್ಕನ ಬಲಗೈ ಗಟ್ಟಿಯಾಗಿತ್ತು. ಎಡಗೈಯ ತಟ್ಟೆ ಒಂದು ವರ್ಷದ್ದು, ದುಕ್ರಾಮಾಸ ಇನ್ನೊಂದು ವರ್ಷದ್ದು. ಎರಡನ್ನೂ ನಾನು ನೆನಪಿನಲ್ಲಿ ಕೂಡಿಸಿದ್ದೇನೆ ಎಂಬುದು ಸರಳ ವಿವರಣೆ. ಬೇರೆಯವರ ಬರಹದಲ್ಲಿ ಕಂಡಿದ್ದರೆ ಅಂಚಿನಲ್ಲಿ ನಾನು ಹೀಗೆಯೇ ಟಿಪ್ಪಣಿ ಹಾಕುತ್ತಿದ್ದೆ. ಆದರೆ ಆ ಮೆಟ್ಟಿಲನ್ನು ಒರೆಸಿದವಳು ನಾನು. ಬಟ್ಟೆಯಲ್ಲಿ ಮೀನಿನ ಸಾರಿನದಲ್ಲದ ಜಿಡ್ಡಿತ್ತು, ವಿನೆಗರಿನ ಘಾಟಿತ್ತು. ಅಕ್ಕ ತಪಸ್ಸುಕಾಲವನ್ನು ಮರೆತಿದ್ದಳೆಂದು ನಂಬಲು ನನಗಾಗುವುದಿಲ್ಲ. ಇನ್ನೊಂದು ಮಾರ್ಚ್ ಆರು ತನ್ನ ಪಾಲಿಗಿಲ್ಲವೆಂದು ತಿಳಿದೇ ಹಬ್ಬದ ಸಾರನ್ನು ಬೇಯಿಸಿದಳೆಂದು ನಂಬುವುದಂತೂ ಇನ್ನೂ ಕಷ್ಟ. ೨೦೦೧ರ ಪಂಚಾಂಗ ನನ್ನೆದುರಿಗಿದೆ. ಮಾರ್ಚ್ ಆರು, ಮಂಗಳವಾರ. ಚೌಕದ ಬಣ್ಣ ನೇರಳೆ, ತಪಸ್ಸುಕಾಲದ್ದು. ಅದರಲ್ಲಿ ಯಾವ ಸಂತರ ಹೆಸರೂ ಇಲ್ಲ.